ಕತ್ತು ಬಗ್ಗಿದರೆ ಸಾಕಾ ಭಾವ?

ಏಪ್ರಿಲ್‌ನಲ್ಲಿ ರಜೆಗೆ ಸೋಮವಾರಪೇಟೆಗೆ ಹೋಗಿದ್ದೆ. ಭಾವ ಹೋಂಸ್ಟೇಗೆ ಬರುವವರನ್ನು ಕೂರಿಸೋಕೆ ಅಂತ ಒಂದು ಕುದುರೆ ತಂದಿದ್ದಾರೆ. ಕುಯ್ಲು ಮುಗಿದು ಖಾಲಿ ಬಿದ್ದಿದ್ದ ಕಾಫಿ ಕಣದಲ್ಲಿ ಸುತ್ತು ಹಾಕಿಸಿ ತೋರಿಸಿದರು. ಲಗಾಮು ಎಷ್ಟು ಬಿಗಿ ಎಂದರೆ ಕುದುರೆಯ ಗದ್ದ ಎದೆಗೆ ತಾಗುತ್ತಿತ್ತು. "ನೋಡು, ಕತ್ತು ಬಿಲ್ಲಿನ ಹಾಗೆ ಬಗ್ಗಿದೆ!"

ಸುಮ್ನೆ ಇರಬೇಕಿತ್ತು. "ಸ್ವಲ್ಪ ಸಡಿಲ ಬಿಡಿ ಭಾವ, ಬಾಯಿ ನೋಯುತ್ತೆ" ಅಂದೆ.

"ಕುದುರೆ ಕತ್ತು ಬಗ್ಗಿಸೋದು ಕಲಿಯೋಕೆ ಜರ್ಮನಿಗೆ ಹೋದ್ಯಾ?" ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಅದೇ ಜಾಸ್ತಿ ಚುಚ್ಚಿತು.

ಹೌದು, ಅದನ್ನೂ ಕಲಿತೆ. ಹ್ಯಾನೋವರ್ ಹತ್ತಿರ ಇದ್ದೇನೆ, ಶನಿವಾರ ಸವಾರಿಗೆ ಹೋಗುತ್ತೇನೆ. ಕಲಿಸುವ ಅಮ್ಮ ಮೊದಲ ಹತ್ತು ನಿಮಿಷ ಲಗಾಮು ಉದ್ದ ಬಿಡಿಸಿ ಬರೀ ನಡೆಸುತ್ತಾರೆ. ಆಮೇಲೆ 20 ಮೀಟರ್ ಅಗಲದ ವೃತ್ತ. ಒಳಗಿನ, ಅಂದರೆ ವೃತ್ತದ ನಡುವಿನ ಕಡೆಯ ಕಾಲಿನಿಂದ ಹೊಟ್ಟೆಗೆ ಮೆಲ್ಲಗೆ ಒತ್ತು, ಒಳಗಿನ ಬೆರಳುಗಳಲ್ಲಿ ಒದ್ದೆ ಸ್ಪಂಜು ಹಿಂಡಿದಷ್ಟೇ ಒತ್ತಿ ತಲೆ ಒಳಕ್ಕೆ ತಿರುಗಿಸು ಅಂತ ಕೇಳು, ಹೊರಗಿನ ಲಗಾಮು ಅಳತೆ ಮೀರದಂತೆ ಕಾಯುತ್ತಿರಲಿ. ಕುದುರೆಯ ಒಳಬದಿಯ ಕಣ್ಣಿನ ರೆಪ್ಪೆ ಕಂಡರೆ ಸಾಕು, ಕೈ ಸಡಿಲ. ಅಷ್ಟೇ! ಕುದುರೆಯ ಕತ್ತಿನಲ್ಲೂ ನಮ್ಮ ಹಾಗೆ ಏಳೇ ಮೂಳೆ, ಈ ಸಣ್ಣ ತಿರುವು ಆಗಬೇಕಾದ್ದು ಕಿವಿಗಳ ಹಿಂದೆ, ತಲೆ ಕತ್ತಿಗೆ ಸೇರುವಲ್ಲಿ. ಒಂದು ಕಿವಿ ಕೆಳಗಾದರೆ ಅದು ತಿರುಗಿದ್ದಲ್ಲ, ತಲೆ ಓರೆ ಮಾಡಿ ತಪ್ಪಿಸಿಕೊಂಡಿದ್ದು. ಸರಿಯಾದಾಗ ದವಡೆ ಮೆಲ್ಲಗೆ ಆಡುತ್ತೆ, ಬೆನ್ನು ಜೀನಿನ ಕೆಳಗೆ ಉಯ್ಯಾಲೆಯ ಹಾಗೆ ಆಡುತ್ತೆ. ಈ ಸಡಿಲತನಕ್ಕೆ ಅವರು ಲೋಸ್‌ಗೆಲಾಸನ್‌ಹೈಟ್ ಅಂತಾರೆ. ಹೇಳೋಕೆ ನನಗೆ ಒಂದು ತಿಂಗಳು ಹಿಡಿಯಿತು.

ನಮ್ಮೂರಲ್ಲಿ ಮಾತ್ರ ಬಗ್ಗಿಸೋದು ಅಂದರೆ ಎಳೆಯೋದು. ಶಾಲೆಯಲ್ಲಿ ನಮ್ಮ ಕಿವಿ ಹಿಂಡಿ ಮಗ್ಗಿ ಕಲಿಸಿದ್ದೂ ಹಾಗೇ ಅಲ್ವಾ? ಅದೂ ಸಿಮೆಂಟ್ ಕಣದ ಮೇಲೆ, ಜಾರುವ ಗೊರಸಿನಲ್ಲಿ ಆ ಕುದುರೆ ಹೇಗೆ ಮೈ ಸಡಿಲ ಬಿಟ್ಟೀತು?

ಒಂದು ವಿಷಯ ಭಾವನಿಗೆ ಹೇಳಲಿಲ್ಲ. ಗದ್ದ ಎದೆಗೆ ತಾಗಿಸುವವರು ಯುರೋಪಿನ ದೊಡ್ಡ ಸ್ಪರ್ಧೆಗಳಲ್ಲೂ ಇದ್ದರು, ಅದಕ್ಕೆ ರೋಲ್‌ಕೂರ್ ಅಂತ ಹೆಸರೇ ಇದೆ. ಜಗಳ ಜೋರಾಗಿ, ಬಲವಂತದಿಂದ ಹಾಗೆ ಬಗ್ಗಿಸೋದನ್ನು ಒಪ್ಪಲ್ಲ ಅಂತ 2010ರಲ್ಲಿ ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟವೇ ಹೇಳಬೇಕಾಯಿತು.

ಇನ್ನೊಂದನ್ನೂ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ರಾತ್ರಿ ಮಳೆಯಾಗಿತ್ತು. ಬೆಳಿಗ್ಗೆ ಕೂಲಿಯವರ ಲೈನ್‌ಮನೆಯ ಹುಡುಗ ಅದೇ ಕುದುರೆಯನ್ನು ತೋಟದ ಇಳಿಜಾರಿನಲ್ಲಿ ಇಳಿಸುತ್ತಿದ್ದ. ಹಗ್ಗ ಪೂರಾ ಸಡಿಲ. ಕುದುರೆ ಕೆಮ್ಮಣ್ಣಿನಲ್ಲಿ ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ, ಸಿಲ್ವರ್ ಓಕ್ ಮರಗಳ ನಡುವೆ ಮೈ ಬಳುಕಿಸಿ ಬರುತ್ತಿತ್ತು. ಹುಡುಗ ಜೇಬಿನಿಂದ ಬೆಲ್ಲ ತೆಗೆದು ಅದರ ಪಕ್ಕೆಯ ಹತ್ತಿರ ಹಿಡಿದರೆ, ಕತ್ತನ್ನು ಪೂರ್ತಿ ತಿರುಗಿಸಿ ತಿಂತು. ಆ ಇಳಿಜಾರಿನಲ್ಲಿ ನಾನು ಶನಿವಾರ ಹತ್ತುವ ಕುದುರೆ ನಾಲ್ಕು ಹೆಜ್ಜೆ ಇಡುವುದೂ ಅನುಮಾನ.

ಆಮೇಲೆ ನಾನೂ ಹತ್ತಿದೆ, ಗೇಟಿನ ಹತ್ತಿರದ ಮಣ್ಣಿನ ಜಾಗದಲ್ಲಿ. ಅರ್ಧ ಗಂಟೆಯಲ್ಲಿ ಒಮ್ಮೆ, ಒಂದೇ ಒಮ್ಮೆ, ರೆಪ್ಪೆ ಕಂಡಿತು. ದವಡೆ ಆಡಿತು. ಕೈ ಸಡಿಲ ಬಿಟ್ಟೆ. ಖುಷಿಯಲ್ಲಿ ಜಗಲಿ ಕಡೆ ನೋಡಿದೆ.

ಭಾವ ಕಾಫಿ ಲೋಟ ಕೆಳಗಿಟ್ಟು, "ಏನಪ್ಪಾ, ಕತ್ತು ಬಗ್ಗಲೇ ಇಲ್ವಲ್ಲ?" ಅಂದರು.