ಕಾರ್ನ್‌ವಾಲಿಸ್‌ನ ರಜೆ ಕೆಡಿಸಿದ ಹೊಳೆ

"ಇಷ್ಟೇಯಾ?" ಅಂದರು ಅಪ್ಪ. "ಮಳೆಗಾಲದಾಗೆ ನಮ್ ಸಂಗಮ ನೋಡ್ಬೇಕು ಇವರು."

ಶ್ರೀರಂಗಪಟ್ಟಣದವರಿಗೆ ಹೊಳೆ ತೋರಿಸಿ ಮೆಚ್ಚಿಸುವುದು ಸುಲಭದ ಮಾತಲ್ಲ. ಊರಿಂದ ಬಂದವರನ್ನೆಲ್ಲ ನಯಾಗರಾಕ್ಕೆ, ನ್ಯೂಯಾರ್ಕಿಗೆ ಸುತ್ತಿಸಿ ಸಾಕಾಗಿ, ಈ ಸಲ ಜನವರಿಯ ಚಳಿಯಲ್ಲಿ ಅಪ್ಪನನ್ನು ವಾಷಿಂಗ್ಟನ್ ಕ್ರಾಸಿಂಗ್ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್ನಿನಿಂದ ಎಂಟೊಂಬತ್ತು ಮೈಲಿ ಮೇಲಕ್ಕೆ, ಡೆಲವೇರ್ ನದಿ ದಂಡೆಯಲ್ಲಿದೆ. "ಅಲ್ಲೇನಿದೆ ನೋಡೋಕೆ?" ಅಂತ ಇಲ್ಲಿನ ಕನ್ನಡದ ಗೆಳೆಯರೇ ಕೇಳುತ್ತಾರೆ. ಒಂದು ಹಳೇ ಮನೆ, ಮರಗಳು, ಪಕ್ಕದಲ್ಲೊಂದು ಕಾಲುವೆ, ಆಮೇಲೆ ಹೊಳೆ. ಅಷ್ಟೇ. ಆ ಅಷ್ಟೇ ಇರುವುದೇ ನನಗಿಷ್ಟ.

ಬ್ರಿಟಿಷರ ವಿರುದ್ಧ ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದ 1776ರ ಕ್ರಿಸ್‌ಮಸ್ ರಾತ್ರಿ ಅಮೆರಿಕನ್ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಸುಮಾರು 2,400 ಸೈನಿಕರನ್ನು, 18 ಫಿರಂಗಿಗಳನ್ನು ಪೆನ್ಸಿಲ್ವೇನಿಯಾ ದಡದಿಂದ ಇಲ್ಲಿಗೆ ದಾಟಿಸಿದ. ಸೋತು ಸೋತು ಹಿಂದಕ್ಕೆ ಸರಿದ ಸೈನ್ಯ. ಎಷ್ಟೋ ಜನರ ಕರಾರು ಡಿಸೆಂಬರ್ 31ಕ್ಕೆ ಮುಗಿದು ಮನೆಗೆ ಹೊರಡುವವರಿದ್ದರು. ಮಧ್ಯರಾತ್ರಿಗೆ ಮುಗಿಯಬೇಕಿದ್ದ ಕೆಲಸ ತೇಲುವ ಮಂಜುಗಡ್ಡೆಯ ನಡುವೆ ನಸುಕಿನವರೆಗೂ ಎಳೆಯಿತು. ಕೆಳಗಡೆ ದಾಟಬೇಕಿದ್ದ ಇನ್ನೆರಡು ತುಕಡಿಗಳು ಆಗದೆ ಕೈಚೆಲ್ಲಿದವು. ಇವರು ಮಾತ್ರ ಆಲಿಕಲ್ಲು ಮಳೆಯಲ್ಲಿ ನಡೆದು ಬೆಳಿಗ್ಗೆ ಎಂಟರ ಹೊತ್ತಿಗೆ ಟ್ರೆಂಟನ್ನಿಗೆ ನುಗ್ಗಿ, ಬ್ರಿಟಿಷರು ಬಾಡಿಗೆಗೆ ತಂದಿದ್ದ ಸುಮಾರು 900 ಜರ್ಮನ್ ಸೈನಿಕರನ್ನು ಸೆರೆಹಿಡಿದರು.

ಎಲ್ಲರೂ ನೋಡಿರುವುದು 1851ರ ಆ ದೊಡ್ಡ ತೈಲಚಿತ್ರ: ದೋಣಿಯಲ್ಲಿ ವಾಷಿಂಗ್ಟನ್ ಎದೆ ಸೆಟೆಸಿ ನಿಂತಿರುವುದು. ಅದರಲ್ಲಿರುವ ಬಾವುಟ ಆ ರಾತ್ರಿಗೆ ಇನ್ನೂ ಹುಟ್ಟಿರಲೇ ಇಲ್ಲ, 1777ರದ್ದು. ದೋಣಿಯೂ ಅದಲ್ಲ. ದಾಟಿಸಿದ್ದು ಕಬ್ಬಿಣದ ಸರಕು ಸಾಗಿಸುತ್ತಿದ್ದ ಅಗಲ ತಳದ ಡರ್ಹ್ಯಾಮ್ ದೋಣಿಗಳು. ನಮ್ಮ ಹರಿಗೋಲಿನಲ್ಲಿ ಯಾರಾದರೂ ಹಾಗೆ ನಿಂತಿದ್ದರೆ ಅಂಬಿಗ ಬೈದು ಕೂರಿಸಿರುತ್ತಿದ್ದ! ಹುಟ್ಟು ಹಾಕಿದವರಲ್ಲಿ ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್ ಊರಿನ ಮೀನುಗಾರರು, ನಾವಿಕರು ಬಹಳ. ಅವರ ನಾಯಕ ಜಾನ್ ಗ್ಲೋವರ್. ನನ್ನನ್ನು ಕೇಳಿದರೆ ಈ ಪಾರ್ಕಿನ ಹೆಸರಲ್ಲಿ ಅವರಿಗೂ ಅರ್ಧ ಪಾಲಿದೆ.

ಅಪ್ಪನಿಗೆ ಇದೆಲ್ಲ ಹೇಳುತ್ತಾ ಒಂದು ಮಾತು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಆ ಡಿಸೆಂಬರಿನಲ್ಲಿ ಒಬ್ಬ ಬ್ರಿಟಿಷ್ ಜನರಲ್, ಯುದ್ಧ ಮುಗಿದ ಹಾಗೇ ಅಂದುಕೊಂಡು, ಕಾಯಿಲೆ ಬಿದ್ದ ಹೆಂಡತಿಯನ್ನು ನೋಡಲು ಇಂಗ್ಲೆಂಡಿಗೆ ಹೊರಟಿದ್ದ. ಟ್ರೆಂಟನ್ ಸುದ್ದಿ ಬಂತು, ರಜೆ ರದ್ದಾಯಿತು. ಓಡೋಡಿ ಬಂದವನ ಕಣ್ಣಿಗೆ ಮಣ್ಣೆರಚಿ ಜನವರಿ 2ರ ರಾತ್ರಿ ವಾಷಿಂಗ್ಟನ್ ಶಿಬಿರದ ಬೆಂಕಿ ಉರಿಯಲು ಬಿಟ್ಟು, ಸದ್ದಿಲ್ಲದೆ ಹಿಂದಿನಿಂದ ಜಾರಿಕೊಂಡು ಪ್ರಿನ್ಸ್‌ಟನ್ನಿಗೆ ಹೋದ.

"ಯಾರವನು?"

"ಕಾರ್ನ್‌ವಾಲಿಸ್."

ಅಪ್ಪ ನಿಂತುಬಿಟ್ಟರು. "ನಮ್ಮ ಕಾರ್ನ್‌ವಾಲಿಸಾ?"

ನಮ್ಮವನೇ! 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾಗಿ, ಹತ್ತು ವರ್ಷ ಕಳೆದು ನಮ್ಮೂರಿಗೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಒಡೆದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದವನಿಗೆ ಕಾವೇರಿ ತುಂಬಿ ಅಡ್ಡ ನಿಂತಳು, ದನಗಳು ಸತ್ತವು, ತಿನ್ನಲು ಗತಿಯಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯಲ್ಲಿ ತಾನೇ ಹಾಳುಮಾಡಿ ಹಿಂತಿರುಗಿದ. ಮುಂದಿನ ವರ್ಷ ಮತ್ತೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆಯಾಗಿಯೂ ತೆಗೆದುಕೊಂಡು ಹೋದ. ಆ ಕತೆ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತು, ಅವರೇ ಹೇಳಲು ಶುರುಮಾಡಿದರು. ಕಾರಿಗೆ ಹೋಗೋಣ ಅಂದರೂ ಕೇಳಲಿಲ್ಲ.

ಪ್ರತಿ ಕ್ರಿಸ್‌ಮಸ್‌ಗೆ ಆಚೆ ದಡದಿಂದ ವೇಷ ಕಟ್ಟಿ ದಾಟುವ ಆಟ ಆಡುತ್ತಾರೆ. ನೀರು, ಗಾಳಿ ಜೋರಾದ ವರ್ಷ ದಾಟುವುದಿಲ್ಲ, ಜಾಣರು. ಜನರ ನಡುವೆ ಕತ್ತು ಚಾಚಿ ನೋಡುವುದಕ್ಕಿಂತ ಹೀಗೆ ಯಾರೂ ಇಲ್ಲದ ದಿನ ಬರುವುದು ಮೇಲು. ಬೇಸಿಗೆಯಲ್ಲಿ ಪಿಕ್ನಿಕ್‌ಗೆ ಬಂದರೆ ನೆರಳು ಚೆನ್ನಾಗಿರುತ್ತದೆ, ಆ ರಾತ್ರಿ ಮಾತ್ರ ಅರ್ಥವಾಗುವುದಿಲ್ಲ.

ಹೊರಡುವ ಮುಂಚೆ ಅಪ್ಪ ಅಂಚಿಗಿಳಿದು, ಬೇಡ ಅಂದರೂ ಬೊಗಸೆ ನೀರೆತ್ತಿ ತಲೆಗೆ ಪ್ರೋಕ್ಷಣೆ ಮಾಡಿಕೊಂಡರು. ಮರುಗಳಿಗೆ "ಅಯ್ಯಯ್ಯಪ್ಪೋ" ಅಂತ ಎರಡೂ ಕೈ ಜಾಕೆಟ್ಟಿನೊಳಗೆ ತುರುಕಿ ದಡ ಹತ್ತಿದರು. ಕಾರಿನಲ್ಲಿ ಹೀಟರ್ ಹಾಕಿದ ಮೇಲೂ ಎಷ್ಟೋ ಹೊತ್ತು ಮಾತಿಲ್ಲ. ಆಮೇಲೆ, "ಹೆಂಗ್ ದಾಟುದ್ರೋ ಮಾರಾಯ," ಅಂದರು.