ಪ್ರೇಮಿಗೆ ಎತ್ತಂಗಡಿ, ಪ್ರೇಮಕ್ಕೆ ಫೈಲು

1942ರ ಫೆಬ್ರವರಿ. ಅತ್ತ ಸಿಂಗಾಪುರ ಜಪಾನಿನ ಬಾಯಿಗೆ ಬೀಳುತ್ತಿತ್ತು. ಇತ್ತ ಜರ್ಮನಿಯ ಸಬ್‌ಮರೀನ್‌ಗಳು ಅಮೆರಿಕದ ಕರಾವಳಿಗೇ ಬಂದು ಹಡಗು ಮುಳುಗಿಸುತ್ತಿದ್ದವು. ಇಂಥ ಹೊತ್ತಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ಏನು ಮಾಡುತ್ತಿದ್ದರು ಗೊತ್ತಾ? ಚಾರ್ಲ್ಸ್‌ಟನ್ ಊರಿನ ಫೋರ್ಟ್ ಸಮ್ಟರ್ ಹೋಟೆಲಿನ ಕೋಣೆಯಲ್ಲಿ ಮೈಕ್ ಬಚ್ಚಿಟ್ಟು, ಕಿವಿಗೊಟ್ಟು ಕೂತಿದ್ದರು.

ಒಳಗಿದ್ದ ಹುಡುಗ 24 ವರ್ಷದ ನೌಕಾಪಡೆ ಅಧಿಕಾರಿ. ಹೆಸರು ಜಾನ್ ಎಫ್. ಕೆನಡಿ. ಜೊತೆಗಿದ್ದವಳು ಡೆನ್ಮಾರ್ಕಿನ ಪತ್ರಕರ್ತೆ ಇಂಗಾ ಅರ್ವಾಡ್. ಅವಳಿಗೆ ಮದುವೆಯಾಗಿತ್ತು, ಅದು ಬೇರೆ ವಿಷಯ. ಎಫ್‌ಬಿಐಗೆ ತಲೆಬಿಸಿಯಾಗಿದ್ದು ಅವಳ ಹಳೇ ಪರಿಚಯ. ಇಂಗಾ ಹಿಟ್ಲರ್‌ನನ್ನು ಸಂದರ್ಶಿಸಿದ್ದಳು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವನ ಅತಿಥಿಯಾಗಿದ್ದಳು. ಅವಳ ಅಂದಕ್ಕೆ ಅವನು ಸರ್ಟಿಫಿಕೇಟ್ ಬೇರೆ ಕೊಟ್ಟಿದ್ದ.

ಅನುಮಾನ ಪಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಯುದ್ಧಕಾಲ, ವಿಚಾರಿಸಲೇಬೇಕು. ವಿಚಾರಿಸಿದ ಚಂದ ನೋಡಿ. ಪರ್ಲ್ ಹಾರ್ಬರ್ ದಾಳಿಯಾದ ಮೇಲೆ ಅವಳು ಕೆಲಸ ಮಾಡುತ್ತಿದ್ದ ಪತ್ರಿಕೆಯವರೇ ಇಂಗಾಳನ್ನು ಎಫ್‌ಬಿಐ ಕಚೇರಿಗೆ ಕರೆದುಕೊಂಡು ಹೋದರು. 'ನಾನು ಬೇಹುಗಾರ್ತಿ ಅಲ್ಲ' ಅಂತ ಅವಳೇ ಹೇಳಿದಳು. ತಾನಾಗಿ ಬಂದು ಅಲ್ಲ ಅಂದವರನ್ನು ಯಾವ ಇಲಾಖೆ ನಂಬಿದೆ? ಫೈಲು ದಪ್ಪವಾಗುತ್ತಾ ಹೋಯಿತು.

ಕೆನಡಿ ಆಗ ವಾಷಿಂಗ್ಟನ್‌ನಲ್ಲಿ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದ. ಜನವರಿಯಲ್ಲಿ ವಾಲ್ಟರ್ ವಿಂಚೆಲ್ ಅನ್ನೋ ಗಾಸಿಪ್ ಅಂಕಣಕಾರ ಈ ಪ್ರೇಮವನ್ನು ದೇಶಕ್ಕೆಲ್ಲ ಸಾರಿದ. ಕೆಲವೇ ದಿನದಲ್ಲಿ ಎತ್ತಂಗಡಿ! ಗುಟ್ಟು ಸೋರುತ್ತೆ ಅನ್ನೋ ಭಯವಿದ್ದರೆ ಹುಡುಗನನ್ನು ಉಗ್ರಾಣದ ಅಕ್ಕಿ ಲೆಕ್ಕಕ್ಕೆ ಹಾಕಬೇಕಿತ್ತಪ್ಪ. ಇಲ್ಲ, ಅದೇ ಗುಪ್ತಚರ ಕೆಲಸ, ಊರು ಮಾತ್ರ ಬೇರೆ, ಚಾರ್ಲ್ಸ್‌ಟನ್. ಅವನ ಹಿಂದೆ ಇಂಗಾ ಬಂದಳು. ಅವಳ ಹಿಂದೆ ಎಫ್‌ಬಿಐ ಬಂತು.

ಕದ್ದು ಕೇಳಿ ಬರೆದುಕೊಂಡಿದ್ದಾದರೂ ಏನು? ತಡರಾತ್ರಿ ಊಟಕ್ಕೆ ಹೊರಗೆ ಹೋದರು. ಭಾನುವಾರ ಚರ್ಚ್‌ಗೆ ಹೋದರು. ಮಿಕ್ಕ ಹೊತ್ತು ಕೋಣೆಯೊಳಗೇ ಇದ್ದರು. ಅದನ್ನೂ ಬಿಡದೆ, ನಾಚಿಕೆಯಿಲ್ಲದೆ, ಶುದ್ಧ ಕಚೇರಿ ಭಾಷೆಯಲ್ಲಿ ಬರೆದರು. ಪಾಪ, ಹೆಡ್‌ಫೋನ್ ಹಾಕಿಕೊಂಡು ಕೂತವನಿಗೂ ಹೆಂಡತಿ ಇದ್ದಿರಬಹುದು. ಮನೆಗೆ ಹೋಗಿ ಇವತ್ತು ದೇಶಸೇವೆ ಏನಾಯ್ತು ಅಂತ ಹೇಳಿರಬಹುದು? ಹಡಗಿನ ಗುಟ್ಟಿಲ್ಲ, ಬರ್ಲಿನ್ನಿನ ಸುದ್ದಿಯಿಲ್ಲ. ಬೆಟ್ಟ ಅಗೆದರು, ಇಲಿಯೂ ಸಿಗಲಿಲ್ಲ. ಹಾಗಂತ ಫೈಲು ಹರಿದು ಹಾಕ್ತಾರಾ? ಜೋಪಾನವಾಗಿ ಎತ್ತಿಟ್ಟರು.

ಪ್ರೇಮ ಅಷ್ಟಕ್ಕೇ ಮುರಿಯಿತು. ಕೆನಡಿ ಆಮೇಲೆ ಟಾರ್ಪಿಡೊ ದೋಣಿ ಸೇರಿದ. 1943ರ ಆಗಸ್ಟ್‌ನಲ್ಲಿ ಸೊಲೊಮನ್ ದ್ವೀಪಗಳ ಹತ್ತಿರ ಜಪಾನಿ ಹಡಗು ಅವನ ದೋಣಿಯನ್ನು ಎರಡು ತುಂಡು ಮಾಡಿತು. ಈಜಿ ಬದುಕಿ ಬಂದವನು ಹೀರೋ ಆದ. 1944ರಲ್ಲಿ ಅವನನ್ನು ಸಂದರ್ಶಿಸಿ ಆ ಸಾಹಸವನ್ನು ಪತ್ರಿಕೆಗಳಿಗೆ ಬರೆದವಳು ಯಾರು? ಅದೇ ಇಂಗಾ. ಶತ್ರು ದೇಶದ ಬೇಹುಗಾರ್ತಿ ಅಂತ ಅನುಮಾನ ಪಟ್ಟವಳೇ ಅಮೆರಿಕದ ವೀರನಿಗೆ ಪ್ರಚಾರ ಕೊಟ್ಟಳು!

1960ರ ನವೆಂಬರ್ 8ರಂದು ಅಮೆರಿಕದ ಅಧ್ಯಕ್ಷ ಚುನಾವಣೆ ನಡೆದು ಕೆನಡಿ ಗೆದ್ದರು. ನವೆಂಬರ್ 10ಕ್ಕೇ ಒಂದು ಪ್ರಕಟಣೆ ಬಂತು: ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ತಮ್ಮ ಹುದ್ದೆಯಲ್ಲೇ ಮುಂದುವರಿಯುತ್ತಾರೆ. ಫೈಲಿಗೂ ಇದಕ್ಕೂ ಸಂಬಂಧ ಇದೆ ಅಂತ ನಾನೇನೂ ಹೇಳ್ತಿಲ್ಲ. ಸುಮ್ನೆ ತಾರೀಖು ನೆನಪಾಯ್ತು.