ಬ್ಲೀಚ್‌ಗಿಂತ ಮುಂಚೆ ಬೇಯಿಸೋದು ಮುಖ್ಯ

ಹತ್ತಿಬೀಜಕ್ಕೆ ಅಂಟಿರೋ ಗಿಡ್ಡ ನಾರು, ಅಂದ್ರೆ ಲಿಂಟರ್, 'ಬ್ಲೀಚ್ ಮಾಡಿದ ಕೂಡ್ಲೇ ಶುದ್ಧ ಸೆಲ್ಯುಲೋಸ್ ಆಗುತ್ತೆ' ಅಂತ ಬರ್ದಿದೀರಲ್ಲ ಸರ್, ಅದನ್ನ ಒಪ್ಪಕ್ಕಾಗಲ್ಲ. ಬ್ಲೀಚ್ ಮುಖ್ಯವಾಗಿ ತೆಗೆಯೋದು ಬಣ್ಣನ. ಮೇಣ, ಪೆಕ್ಟಿನ್, ಪ್ರೋಟೀನ್ ಎಲ್ಲಾ ಹೋಗೋದು ಅದಕ್ಕೂ ಮುಂಚೆ, ಕಾಸ್ಟಿಕ್ ಸೋಡಾದಲ್ಲಿ ಪ್ರೆಶರ್ ಕೊಟ್ಟು ಗಂಟೆಗಟ್ಲೆ ಬೇಯಿಸಿದಾಗ, ಬೀಜದ ಸಿಪ್ಪೆ ಚೂರುಗಳು ಮೆತ್ತಗಾಗೋದೂ ಅಲ್ಲೇ. ನಾನು ಕೆಲವು ವರ್ಷ ಒಂದು ಲಿಂಟರ್ ಮಿಲ್ಲಿನ ಲ್ಯಾಬ್‌ನಲ್ಲಿದ್ದೆ, ಸರಿಯಾಗಿ ಬೇಯದೇ ಇರೋ ಬ್ಯಾಚನ್ನ ಪೆರಾಕ್ಸೈಡ್ (ಬ್ಲೀಚ್ ಮಾಡೋ ಕೆಮಿಕಲ್) ಜಾಸ್ತಿ ಸುರಿದು ಬೆಳ್ಳಗೆ ಮಾಡಿ ಕಳಿಸ್ತಿದ್ರು, ನೋಡಕ್ಕೆ ಹಾಲಿನ ಥರ ಇರೋದು, ಆದ್ರೆ ವಿಸ್ಕಾಸಿಟಿ (ನಾರನ್ನ ಕರಗಿಸಿದಾಗ ದ್ರಾವಣ ಎಷ್ಟು ಮಂದ ಇರುತ್ತೆ ಅನ್ನೋದು) ಟೆಸ್ಟ್‌ಗೆ ಇಟ್ರೆ ಪೂರ್ತಿ ಕುಸಿದಿರೋದು ಯಾಕಂದ್ರೆ ಸೆಲ್ಯುಲೋಸಿನ ಉದ್ದ ಸರಪಳಿನೇ ತುಂಡಾಗಿರುತ್ತೆ. ನೀರಲ್ಲಿ ಕಬ್ಬಿಣದ ಅಂಶ ಇದ್ರಂತೂ ಪೆರಾಕ್ಸೈಡ್ ಸಿಕ್ಕಾಪಟ್ಟೆ ಬೇಗ ಒಡೆದು ನಾರನ್ನೇ ತಿಂದುಬಿಡುತ್ತೆ, ಇದಕ್ಕೇ ತುಕ್ಕು ಹಿಡಿದ ಪೈಪ್ ಬದಲಾಯಿಸಿ ಅಂತ ಎಷ್ಟು ಸಲ ಜಗಳ ಆಡಿದೀನಿ. ಹೀಗೆ ಶುದ್ಧ ಮಾಡಿದ ಲಿಂಟರ್ ನೈಟ್ರೋಸೆಲ್ಯುಲೋಸ್ (ಲ್ಯಾಕರ್, ಸಿಡಿಮದ್ದಿಗೆ ಹಾಕೋದು), ಅಸಿಟೇಟ್ (ನೂಲು, ಫಿಲ್ಮ್ ಮಾಡೋದು) ಮಾಡೋರಿಗೆ ಹೋಗುತ್ತೆ, ಅವರು ಕೇಳೋದು ಆಲ್ಫಾ ಸೆಲ್ಯುಲೋಸ್ (ಗಟ್ಟಿ ಕಾಸ್ಟಿಕ್‌ನಲ್ಲೂ ಕರಗದೇ ಉಳಿಯೋ ಉದ್ದ ಸರಪಳಿಯ ಸೆಲ್ಯುಲೋಸ್) ಎಷ್ಟು, ವಿಸ್ಕಾಸಿಟಿ ಎಷ್ಟು ಅಂತ. ಬರೀ ಬಿಳುಪು ನೋಡಿ ಯಾರೂ ತಗೊಳಲ್ಲ. ದಯವಿಟ್ಟು ಆ ಸಾಲು ತಿದ್ದಿ, ಟೆಕ್ಸ್‌ಟೈಲ್ ಓದೋ ಮಕ್ಕಳು ಇದನ್ನೇ ನಂಬ್ತಾರೆ.